ಒಂದೇ ಮನೆ, ನಾಲ್ಕು ಕ್ಯಾಲೆಂಡರ್: ಯಾರ ತಿಥಿ ಸರಿ?

ಮುಂಬೈ ಹತ್ತಿರದ ಡೊಂಬಿವಲಿಯಿಂದ ಒಬ್ಬರು ಕೇಳಿದ್ದಾರೆ. ಪತ್ರ ಉದ್ದ ಇತ್ತು, ಬೇಕಾದಷ್ಟು ಮಾತ್ರ ಇಲ್ಲಿ ಹಾಕಿದ್ದೇನೆ.

"ಸರ್, ನನ್ನ ತವರು ಉಡುಪಿ ಹತ್ತಿರ, ಗಂಡನ ಮನೆಯವರು ಧಾರವಾಡದವರು. ಹದಿನಾಲ್ಕು ವರ್ಷದಿಂದ ಡೊಂಬಿವಲಿಯಲ್ಲಿದ್ದೇವೆ. ಅಡುಗೆಮನೆ ಗೋಡೆ ಮೇಲೆ ಮರಾಠಿ ಕ್ಯಾಲೆಂಡರ್ ಕಾಲನಿರ್ಣಯ ಇದೆ. ದೇವರ ಕೋಣೆಯಲ್ಲಿ ಅತ್ತೆ ಧಾರವಾಡದಿಂದ ತರಿಸಿದ ಪಂಚಾಂಗ ಇದೆ. ನನ್ನ ಅಮ್ಮ ಫೋನಿನಲ್ಲಿ ಮೂರನೇ ದಿನ ಹೇಳ್ತಾರೆ. ಎದುರು ಮನೆ ಬನಾರಸ್ ಕಡೆಯ ಭಾಭಿ ಶ್ರಾವಣ ಜುಲೈನಲ್ಲೇ ಶುರು ಅಂತಾರೆ. ಹೋದ ದೀಪಾವಳಿಯಲ್ಲಿ ಅವರ ಲಕ್ಷ್ಮೀ ಪೂಜೆ ಒಂದು ದಿನ, ನಮ್ಮದು ಇನ್ನೊಂದು ದಿನ. ಎಲ್ಲರೂ ತಾವೇ ಸರಿ ಅಂತಾರೆ. ಈ ವರ್ಷ (2026) ಜ್ಯೇಷ್ಠ ಮಾಸ ಎರಡು ಸಲ ಬಂದಿದೆ. 2019ರಲ್ಲಿ ತೀರಿಕೊಂಡ ಮಾವನವರ ತಿಥಿ ಜ್ಯೇಷ್ಠ ಬಹುಳ ಪಂಚಮಿ, ಯಾವುದರಲ್ಲಿ ಮಾಡೋದು? ಹೊಸ ಫ್ಲ್ಯಾಟಿನ ಕೀ ಮೇ 20ರ ಹೊತ್ತಿಗೆ ಸಿಗುತ್ತದೆ, ಬಾಡಿಗೆ ಅಗ್ರಿಮೆಂಟ್ ಮೇ 31ಕ್ಕೆ ಮುಗಿಯುತ್ತದೆ, ಅಧಿಕ ಮಾಸದಲ್ಲಿ ಕಾಲಿಡಬಾರದು ಅಂತ ಅತ್ತೆ ಹಟ ಹಿಡಿದಿದ್ದಾರೆ. ಇನ್ನು ತಪ್ಪು ತಿಥಿಯಲ್ಲಿ ಪೂಜೆ ಮಾಡಿದರೆ ಮನೆಗೆ ಕೇಡು ಅಂತ ವಾಟ್ಸಾಪ್‌ನಲ್ಲಿ ಮೆಸೇಜ್ ಬಂದಿದೆ, ಅದನ್ನು ಓದಿದ ಮೇಲೆ ಅತ್ತೆಗೆ ನಿದ್ದೆ ಇಲ್ಲ, ನನಗೂ ಇಲ್ಲ."

ಮೊದಲು ಆ ಮೆಸೇಜನ್ನು ಡಿಲೀಟ್ ಮಾಡಿ. ಅತ್ತೆಯವರ ಫೋನಿನಿಂದಲೂ.

ಯಾಕೆ ಹೀಗೆ ಹೇಳ್ತೇನೆ ಅಂದರೆ, ಹಬ್ಬದ ದಿನ ಯಾವುದು ಅನ್ನೋ ಜಗಳ ನಿಮ್ಮ ಬಿಲ್ಡಿಂಗಿನಲ್ಲಿ ಹುಟ್ಟಿದ್ದಲ್ಲ. ಕಾಶಿಯಲ್ಲಿ ಕಮಲಾಕರ ಭಟ್ಟರು 1612ರಲ್ಲಿ ನಿರ್ಣಯಸಿಂಧು ಬರೆದರು. ಸುಮಾರು 1790ರಲ್ಲಿ ಪಂಢರಪುರದ ಕಾಶೀನಾಥ ಉಪಾಧ್ಯಾಯರು ಧರ್ಮಸಿಂಧು ಬರೆದರು. ಎರಡೂ ದಪ್ಪ ಪುಸ್ತಕಗಳು, ಎರಡರಲ್ಲೂ ಪುಟಗಟ್ಟಲೆ ಮಾತು ಇದೇ: ತಿಥಿ ಎರಡು ದಿನ ಹಂಚಿಹೋದರೆ ಏನು ಮಾಡೋದು, ಒಬ್ಬರು ಹೀಗಂತಾರೆ, ಇನ್ನೊಬ್ಬರು ಹಾಗಂತಾರೆ, ನಿಮ್ಮ ಮನೆ ಆಚಾರ ನೋಡಿಕೊಳ್ಳಿ. ಒಂದೇ ದಿನ ಸರಿ, ಉಳಿದಿದ್ದೆಲ್ಲ ಕೇಡು ಅಂತಿದ್ದರೆ ಅಷ್ಟು ಕಾಗದ ಯಾಕೆ ಬೇಕಿತ್ತು, ಅಲ್ವಾ?

ನಾನು ಗಣಿತದ ಮಾಸ್ತರ. ರಿಟೈರ್ ಆಗೋ ಮುಂಚಿನಿಂದಲೂ ಪಂಚಾಂಗದ ಪ್ರೂಫ್ ನೋಡುತ್ತಾ ಬಂದಿದ್ದೇನೆ. ಹಬ್ಬ ಹತ್ತಿರ ಬಂದಾಗ ನನ್ನ ಫೋನ್ ಸುಮ್ಮನಿರೋದಿಲ್ಲ. ಹೆಚ್ಚಿನ ಜಗಳದಲ್ಲಿ ಎರಡೂ ಕಡೆಯವರ ಲೆಕ್ಕ ಸರಿಯೇ ಇರುತ್ತದೆ. ಅವರು ಬಿಡಿಸುತ್ತಿರುವ ಲೆಕ್ಕಗಳು ಬೇರೆ ಬೇರೆ, ಅಷ್ಟೇ. ನಿಮ್ಮ ಮನೆಯಲ್ಲೂ ಅದೇ ಆಗಿದೆ.

ನಿಮ್ಮ ಪತ್ರದಲ್ಲಿ ಒಂದು ಸಣ್ಣ ಮಾತಿತ್ತು, ಅಲ್ಲಿಂದಲೇ ಶುರು ಮಾಡೋಣ. ಅತ್ತೆಯವರ ಪಂಚಾಂಗದಲ್ಲಿ ಒಂದು ದಿನ "ಪಂಚಮಿ 12-40" ಅಂತಿದೆ, ಗೋಡೆಯ ಕ್ಯಾಲೆಂಡರಿನಲ್ಲಿ ಅದೇ ಪಂಚಮಿ 11:04ಕ್ಕೆ ಮುಗಿಯುತ್ತದೆ, ಒಂದೂವರೆ ತಾಸಿನ ತಪ್ಪು ಯಾರದ್ದು ಅಂತ ಕೇಳಿದ್ದೀರಿ. ಯಾರದ್ದೂ ಅಲ್ಲ. ಧಾರವಾಡದ ಆ 12-40 ಗಡಿಯಾರದ ಹೊತ್ತಲ್ಲ, 12 ಘಟಿ 40 ವಿಘಟಿ. ದಿನಕ್ಕೆ 60 ಘಟಿ, ಒಂದು ಘಟಿ ಅಂದರೆ 24 ನಿಮಿಷ, ಅದರಲ್ಲಿ 60 ವಿಘಟಿ. ಅದನ್ನು ಸೂರ್ಯ ಹುಟ್ಟಿದ ಹೊತ್ತಿನಿಂದ ಎಣಿಸಬೇಕು. 12 ಘಟಿಗೆ 288 ನಿಮಿಷ, 40 ವಿಘಟಿಗೆ 16 ನಿಮಿಷ, ಒಟ್ಟು 304. ಆ ದಿನ ಸೂರ್ಯೋದಯ 6:00ಕ್ಕೆ ಅಂತ ಹಿಡಿದರೆ ಐದು ತಾಸು ನಾಲ್ಕು ನಿಮಿಷ ಸೇರಿಸಿ: 11:04. ನಿಮ್ಮ ಗೋಡೆಯೂ ದೇವರ ಕೋಣೆಯೂ ಒಂದೇ ಮಾತು ಹೇಳ್ತಿವೆ. ಇನ್ನು ಘಟಿ ಬಿಟ್ಟು ತಾಸಿನಲ್ಲೇ ಹೊತ್ತು ಕೊಡುವ ಕೆಲವು ಪಂಚಾಂಗಗಳಲ್ಲಿ 25-31 ಅಂತ ಕಂಡರೆ ಅಚ್ಚಿನ ತಪ್ಪು ಅಂದುಕೊಳ್ಳಬೇಡಿ. ಪಂಚಾಂಗದ ದಿನ ನಡುರಾತ್ರಿಗೆ ಮುಗಿಯೋದಿಲ್ಲ, ಮರುದಿನ ಸೂರ್ಯ ಹುಟ್ಟೋ ತನಕ ಇರುತ್ತದೆ. 25-31 ಅಂದರೆ ಆ ರಾತ್ರಿ 1:31. ಬರೇ ಇದೊಂದನ್ನು ತಿಳಿಸಿ ಎಷ್ಟೋ ಅತ್ತೆ-ಸೊಸೆಯರ ಜಗಳ ಬಿಡಿಸಿದ್ದೇನೆ.

ಈಗ ತಿಥಿ ಅಂದರೇನು ನೋಡೋಣ. ಆಕಾಶದಲ್ಲಿ ಚಂದ್ರ ಸೂರ್ಯನಿಂದ 12 ಡಿಗ್ರಿ ಮುಂದೆ ಹೋದರೆ ಒಂದು ತಿಥಿ. ಮೂವತ್ತು ತಿಥಿಗೆ ಒಂದು ಸುತ್ತು, ಅಂದರೆ ಸುಮಾರು 29 ದಿನ 13 ತಾಸು. ಚಂದ್ರ ಒಂದೇ ವೇಗದಲ್ಲಿ ಹೋಗೋದಿಲ್ಲ. ಭೂಮಿಗೆ ಹತ್ತಿರ ಬಂದಾಗ ಓಡುತ್ತಾನೆ, ದೂರ ಹೋದಾಗ ನಿಧಾನ. ಅದಕ್ಕೆ ಒಂದು ತಿಥಿ ಇಪ್ಪತ್ತೇ ತಾಸಿಗೆ ಮುಗಿದರೆ ಇನ್ನೊಂದು ಇಪ್ಪತ್ತಾರು ದಾಟುತ್ತದೆ. ನಮ್ಮ ದಿನ ಮಾತ್ರ ಇಪ್ಪತ್ನಾಲ್ಕು ತಾಸಿನದು. ಎರಡಕ್ಕೂ ಹೊಂದಿಕೆ ಇಲ್ಲ. ಹಾಗಾಗಿ ಒಂದೇ ತಿಥಿ ಎರಡು ಸೂರ್ಯೋದಯಕ್ಕೆ ಸಿಗಬಹುದು, ಒಮ್ಮೊಮ್ಮೆ ಒಂದಕ್ಕೂ ಸಿಗದೆ ಹೋಗಬಹುದು.

ಸಿಗದೆ ಹೋಗಿದ್ದು ನೋಡಬೇಕಾ? ಈ ವರ್ಷದ ಯುಗಾದಿಯನ್ನೇ ನೋಡಿ. ಮಾರ್ಚ್ 19ರ ಬೆಳಿಗ್ಗೆ ಮುಂಬೈಯಲ್ಲಿ ಸೂರ್ಯ ಹುಟ್ಟಿದಾಗ ಇನ್ನೂ ಅಮಾವಾಸ್ಯೆ ಇತ್ತು, ಅದು ಮುಗಿದಿದ್ದು 6:50 ದಾಟಿದ ಮೇಲೆ. ಪಾಡ್ಯ ಅಲ್ಲಿಂದ ಶುರುವಾಗಿ ಮರುದಿನ ಸೂರ್ಯ ಹುಟ್ಟೋ ಮುಂಚೆಯೇ ಮುಗಿದುಹೋಯಿತು. ಅಂದರೆ ಪಾಡ್ಯ ಒಂದು ಸೂರ್ಯೋದಯವನ್ನೂ ಕಾಣಲಿಲ್ಲ. ಹಾಗಂತ ಯುಗಾದಿ ಬಿಟ್ಟರಾ? 19ಕ್ಕೇ ಬೇವು-ಬೆಲ್ಲ ತಿಂದೆವು, ಕೆಳಗಡೆ ಮನೆಯ ಮರಾಠಿಯವರು ಗುಡಿ ಏರಿಸಿದರು.

ಇಲ್ಲಿ ಒಂದು ತಪ್ಪು ನಂಬಿಕೆ ಬಗ್ಗೆ ಹೇಳಬೇಕು. ಮರಾಠಿ ಪಂಚಾಂಗ ಬೇರೆ, ನಮ್ಮ ಕನ್ನಡ ಪಂಚಾಂಗ ಬೇರೆ ಅಂತ ತುಂಬ ಜನ ಅಂದುಕೊಂಡಿದ್ದಾರೆ. ಮುಂಬೈಗೆ ಬಂದು ಮೂವತ್ತು ವರ್ಷ ಆದವರೂ ಹೀಗೇ ಹೇಳ್ತಾರೆ. ಮೂಲದಲ್ಲಿ ಎರಡೂ ಒಂದೇ. ಎರಡರಲ್ಲೂ ಅಮಾವಾಸ್ಯೆಗೆ ತಿಂಗಳು ಮುಗಿಯುತ್ತದೆ, ಚೈತ್ರ ಪಾಡ್ಯಕ್ಕೆ ವರ್ಷ ಶುರು, ಎರಡರಲ್ಲೂ ಈಗ ಶಾಲಿವಾಹನ ಶಕ 1948, ಪರಾಭವ ಸಂವತ್ಸರ. ಗೋವಾದಲ್ಲೂ ಇದೇ. ವಾಸ್ಕೋದಲ್ಲಿರುವ ನಿಮ್ಮ ನಾದಿನಿಗೂ ನಿಮಗೂ ತಿಂಗಳ ಹೆಸರಿನಲ್ಲಿ ಜಗಳ ಬರೋದಿಲ್ಲ.

ಭಾಭಿಯವರದ್ದು ಬೇರೆ ವಿಷಯ. ಅವರ ಕಡೆ ಹುಣ್ಣಿಮೆಗೆ ತಿಂಗಳು ಮುಗಿಯುತ್ತದೆ. ಹಾಗಾಗಿ ಶುಕ್ಲ ಪಕ್ಷದಲ್ಲಿ ನಿಮಗೂ ಅವರಿಗೂ ಒಂದೇ ತಿಂಗಳು, ಕೃಷ್ಣ ಪಕ್ಷದಲ್ಲಿ ಮಾತ್ರ ಅವರು ಒಂದು ಹೆಸರು ಮುಂದೆ. ಈ ವರ್ಷ ಅವರ ಶ್ರಾವಣ ಜುಲೈ 30ಕ್ಕೆ ಶುರು, ನಮ್ಮದು ಆಗಸ್ಟ್ 13ಕ್ಕೆ. ಅವರ ಶ್ರಾವಣ ಸೋಮವಾರಗಳು ಆಗಸ್ಟ್ 3, 10, 17, 24. ನಮ್ಮದು 17, 24, 31 ಮತ್ತು ಸೆಪ್ಟೆಂಬರ್ 7. ನಡುವಿನ ಎರಡು ಸೋಮವಾರ ಇಬ್ಬರದೂ, ಜೊತೆಗೇ ದೇವಸ್ಥಾನಕ್ಕೆ ಹೋಗಿ ಬನ್ನಿ. ಹೆಸರು ಬೇರೆಯಾದರೂ ಹಬ್ಬದ ದಿನ ಬದಲಾಗೋದಿಲ್ಲ. ಶಿವರಾತ್ರಿ ನಮಗೆ ಮಾಘದಲ್ಲಿ, ಅವರಿಗೆ ಫಾಲ್ಗುಣದಲ್ಲಿ, ರಾತ್ರಿ ಮಾತ್ರ ಒಂದೇ.

ನಿಮ್ಮ ಅಮ್ಮನದ್ದು ಇನ್ನೂ ಸ್ವಾರಸ್ಯ. ಕರಾವಳಿಯಲ್ಲಿ ಸೌರಮಾನ. ಸೂರ್ಯ ಒಂದು ರಾಶಿಯಿಂದ ಇನ್ನೊಂದಕ್ಕೆ ಹೋದರೆ ಹೊಸ ತಿಂಗಳು, ಅದಕ್ಕೇ ಏಪ್ರಿಲ್ ಮಧ್ಯದಲ್ಲಿ ನಿಮ್ಮ ತವರಿನಲ್ಲಿ ಬಿಸು, ಕಣಿ ಇಡೋದು ಎಲ್ಲ. ಹೋದ ವರ್ಷ ನೀವೇ ಗಮನಿಸಿರಬೇಕು, ಮುಂಬೈಯಲ್ಲಿ ಆಗಸ್ಟ್ 16ಕ್ಕೆ ದಹಿ ಹಂಡಿ ಒಡೆದು ಮುಗಿಸಿದರು, ಉಡುಪಿಯಲ್ಲಿ ಕೃಷ್ಣಾಷ್ಟಮಿ ಆಗಿದ್ದು ಸೆಪ್ಟೆಂಬರ್ 14ಕ್ಕೆ, ಮರುದಿನ ವಿಟ್ಲಪಿಂಡಿ, ಅಂದರೆ ಅಲ್ಲಿನ ಮೊಸರು ಕುಡಿಕೆ. ಒಂದು ತಿಂಗಳ ಅಂತರ! ನನಗೆ ಆಗ ಬಂದ ಫೋನುಗಳಲ್ಲಿ ಅರ್ಧ ಹೋಟೆಲ್ ಇಟ್ಟಿರುವ ಕರಾವಳಿಯವರದ್ದೇ, ಚಕ್ಕುಲಿ-ಉಂಡೆ ಯಾವಾಗ ಮಾಡಿಸೋದು ಸ್ವಾಮಿ ಅಂತ. ಕಾರಣ ಸರಳ. ಉಡುಪಿಯವರಿಗೆ ಸಿಂಹ ಮಾಸದಲ್ಲಿ ಬರುವ ಬಹುಳ ಅಷ್ಟಮಿ ಬೇಕು. ಸೂರ್ಯ ಸಿಂಹ ರಾಶಿಗೆ ಬಂದಿದ್ದು ಆಗಸ್ಟ್ 17ಕ್ಕೆ, ಅಷ್ಟಮಿ ಒಂದು ದಿನ ಮುಂಚೆಯೇ ಕಳೆದುಹೋಗಿತ್ತು. ಹಾಗಾಗಿ ಮುಂದಿನ ಅಷ್ಟಮಿಗೆ ಕಾದರು. ಅಮ್ಮ ಹೇಳಿದ್ದು ತಪ್ಪಲ್ಲ, ಅತ್ತೆ ಹೇಳಿದ್ದೂ ತಪ್ಪಲ್ಲ.

ಇಷ್ಟರ ತನಕ ತಿಂಗಳ ಹೆಸರಿನ ಮಾತಾಯಿತು. ದಿನದ ಜಗಳ ಇದಕ್ಕಿಂತ ಗಟ್ಟಿ. ಉದಯ ತಿಥಿ ನೋಡಿದರೆ ಸಾಕು, ಸೂರ್ಯ ಹುಟ್ಟುವಾಗ ಯಾವ ತಿಥಿಯೋ ಅದೇ ಹಬ್ಬ ಅಂತ ಎಲ್ಲರೂ ಹೇಳ್ತಾರೆ. ಅರ್ಧ ಸರಿ. ಒಂದೊಂದು ಹಬ್ಬಕ್ಕೆ ಒಂದೊಂದು ಹೊತ್ತು ಮುಖ್ಯ. ಗಣೇಶನಿಗೆ ಮಧ್ಯಾಹ್ನ, ಲಕ್ಷ್ಮೀ ಪೂಜೆಗೆ ಸೂರ್ಯ ಮುಳುಗಿದ ಮೇಲಿನ ಪ್ರದೋಷ, ಶಿವರಾತ್ರಿಗೆ ನಡುರಾತ್ರಿ, ಸಂಕಷ್ಟಿಗೆ ಚಂದ್ರ ಹುಟ್ಟೋ ಹೊತ್ತು. ಆ ಹೊತ್ತಿಗೆ ತಿಥಿ ಇದೆಯಾ ಅಂತ ನೋಡಬೇಕು. ಈ ಸಲದ ಚೌತಿಯನ್ನೇ ನೋಡಿ, ಸೆಪ್ಟೆಂಬರ್ 14ರ ಬೆಳಿಗ್ಗೆ ಏಳರ ಸುಮಾರಿಗೆ ಚತುರ್ಥಿ ಶುರುವಾಗುತ್ತದೆ, 15ರ ಬೆಳಿಗ್ಗೆ ಏಳು ದಾಟಿ ಮುಗಿಯುತ್ತದೆ. ಬರೇ ಸೂರ್ಯೋದಯ ನೋಡಿದರೆ 15 ಅಂತ ಬರುತ್ತದೆ. ಮಧ್ಯಾಹ್ನಕ್ಕೆ ಚತುರ್ಥಿ ಇರೋದು 14ಕ್ಕೆ ಮಾತ್ರ. ಹಾಗಾಗಿ ಗಣಪತಿ ಬರೋದು 14ಕ್ಕೆ. ಆ ವಾರ ಯಾರಾದರೂ ಮೊಬೈಲ್ ಆ್ಯಪ್ ತೋರಿಸಿ 15 ಅಂತ ವಾದ ಮಾಡಿದರೆ ಅವರ ಜೊತೆ ಹೊತ್ತು ಹಾಳು ಮಾಡಬೇಡಿ, ಮೋದಕಕ್ಕೆ ಹಿಟ್ಟು ಬೇಯಿಸಲು ಹೋಗಿ.

ಎರಡು ಸಂಜೆಯೂ ಅರ್ಧಂಬರ್ಧ ಸಿಕ್ಕಾಗ ನಿಜವಾದ ತಲೆನೋವು. ಹೋದ ದೀಪಾವಳಿಯಲ್ಲಿ ಆಗಿದ್ದು ಅದೇ. ಅಮಾವಾಸ್ಯೆ ಅಕ್ಟೋಬರ್ 20ರ ಮಧ್ಯಾಹ್ನ ಪೌಣೆ ನಾಲ್ಕಕ್ಕೆ ಶುರುವಾಯಿತು, 21ರ ಸಂಜೆ 5:54ಕ್ಕೆ ಮುಗಿಯಿತು. ಆ ಹೊತ್ತಿಗೆ ನಾನು ದಾದರ್ ಚೌಪಾಟಿಯಲ್ಲಿದ್ದೆ, ಬೇಕಂತಲೇ ಹೋಗಿದ್ದೆ. ಕೈಯಲ್ಲಿ ಗಡಿಯಾರ, 5:54 ಆಯಿತು, ಸೂರ್ಯ ಇನ್ನೂ ನೀರಿನ ಮೇಲೆ ಕಿತ್ತಳೆ ಬಣ್ಣದಲ್ಲಿ ಕೂತಿದ್ದ. ಮುಳುಗೋಕೆ ಇನ್ನೂ ಕಾಲು ಗಂಟೆ. ಅಂದರೆ ಮುಂಬೈಯಲ್ಲಿ 21ರ ಪ್ರದೋಷಕ್ಕೆ ಅಮಾವಾಸ್ಯೆ ಸಿಗಲೇ ಇಲ್ಲ. ಪ್ರದೋಷ ಒಂದನ್ನೇ ನೋಡಿದವರು 20 ಅಂದರು, ನಿಮ್ಮ ಭಾಭಿ ಮಾಡಿದ್ದು ಅದು. ಮಹಾರಾಷ್ಟ್ರದ ಪಂಚಾಂಗಗಳು 21 ಅಂದವು. ಅವರ ಹತ್ತಿರವೂ ನಿಯಮ ಇದೆ: ಎರಡನೇ ದಿನ ಅಮಾವಾಸ್ಯೆ ಹಗಲಿನ ನಾಲ್ಕು ಪ್ರಹರದಲ್ಲಿ ಮೂರೂವರೆ ದಾಟಿದ್ದು, ಅದರ ಮುಂದಿನ ಪಾಡ್ಯ ಅಮಾವಾಸ್ಯೆಗಿಂತ ಉದ್ದವಿದ್ದರೆ ಎರಡನೇ ದಿನವನ್ನೇ ಹಿಡಿಯಬೇಕು. ಹೋದ ಸಲ ಅಮಾವಾಸ್ಯೆ 26 ತಾಸು ಚಿಲ್ಲರೆ ಇತ್ತು, ಪಾಡ್ಯ ಅದಕ್ಕಿಂತ ಹತ್ತು ನಿಮಿಷ ಜಾಸ್ತಿ. ಆ ಹತ್ತು ನಿಮಿಷದ ಮೇಲೆ ಇಡೀ ರಾಜ್ಯದ ರಜೆ ನಿಂತಿತ್ತು ನೋಡಿ. ನನ್ನ ಮನೆಯಲ್ಲಿ ನಾವೂ 21ಕ್ಕೇ ಮಾಡಿದೆವು, ಆದರೆ 20ಕ್ಕೆ ಮಾಡಿದವರು ತಪ್ಪು ಮಾಡಿದರು ಅಂತ ನಾನು ಹೇಳೋದಿಲ್ಲ. ಈ ವರ್ಷ ಆ ಗೋಜಿಲ್ಲ, ನವೆಂಬರ್ 8ರ ಸಂಜೆ ಸ್ವಚ್ಛವಾಗಿ ಅಮಾವಾಸ್ಯೆ ಇದೆ.

ಏಕಾದಶಿಗೂ ಇದೇ ತರಹದ ಕಥೆ. ಸೂರ್ಯ ಹುಟ್ಟುವಾಗ ಏಕಾದಶಿ ಇದ್ದರೆ ಸಾಕು ಅಂತ ಸ್ಮಾರ್ತರು. ವೈಷ್ಣವರು ಇನ್ನೂ 96 ನಿಮಿಷ ಹಿಂದೆ, ಅರುಣೋದಯಕ್ಕೇ ನೋಡ್ತಾರೆ. ಆಗ ದಶಮಿಯ ಸೋಂಕು ಇದ್ದರೆ ಉಪವಾಸ ಮರುದಿನಕ್ಕೆ. ಕ್ಯಾಲೆಂಡರಿನಲ್ಲಿ ಸ್ಮಾರ್ತ ಏಕಾದಶಿ, ಭಾಗವತ ಏಕಾದಶಿ ಅಂತ ಎರಡು ದಿನ ಅಚ್ಚಾಗಿರೋದು ಇದಕ್ಕೇ. ನಿಮ್ಮ ಗಂಡನ ಮನೆಯವರು ಮಾಧ್ವರು ಅಂತ ಬರೆದಿದ್ದೀರಿ, ಹಾಗಾದರೆ ಎರಡನೆಯದು.

ಇನ್ನು ಲೆಕ್ಕವೇ ಬೇರೆಯಾಗೋ ಜಾಗ ಒಂದಿದೆ. ಕೆಲವು ಮಠಗಳ ಪಂಚಾಂಗ ಇವತ್ತಿಗೂ ಸೂರ್ಯಸಿದ್ಧಾಂತ ಅನ್ನೋ ಹಳೇ ಗ್ರಂಥದ ಗಣಿತದ ಮೇಲೆ ನಡೆಯುತ್ತದೆ. ಉಳಿದವು ದೃಕ್ ಗಣಿತ, ಅಂದರೆ ಆಕಾಶದಲ್ಲಿ ಚಂದ್ರ ನಿಜವಾಗಿ ಎಲ್ಲಿ ಕಾಣ್ತಾನೋ ಅದು. ಹಳಬರ ಬಾಯಲ್ಲಿ ಒಂದು ಮಾತಿದೆ, "ಬಾಣ ವೃದ್ಧಿ ರಸ ಕ್ಷಯ". ಬಾಣ ಅಂದರೆ ಐದು, ರಸ ಅಂದರೆ ಆರು. ತಿಥಿ 60 ಘಟಿಗಿಂತ ಐದು ಹೆಚ್ಚಬಹುದು, ಆರು ಇಳಿಯಬಹುದು, ಅದರಾಚೆ ಇಲ್ಲ. ದೃಕ್ ಲೆಕ್ಕದವರದ್ದು "ಸಪ್ತ ವೃದ್ಧಿ ದಶ ಕ್ಷಯ", ಏಳು ಹೆಚ್ಚು, ಹತ್ತು ಕಡಿಮೆ. ಎರಡು ಪಂಚಾಂಗ ಎದುರಿಗಿಟ್ಟುಕೊಂಡು ತೀರಾ ಗಿಡ್ಡ ತಿಥಿ ಹುಡುಕಿ. ಇಪ್ಪತ್ತು-ಇಪ್ಪತ್ತೊಂದು ತಾಸಿನ ತಿಥಿ ಸಿಕ್ಕರೆ ಅದು ದೃಕ್ ಪಂಚಾಂಗ. ಎರಡರ ನಡುವೆ ಕೆಲವು ದಿನ ತಾಸುಗಟ್ಟಲೆ ಅಂತರ ಬರುತ್ತದೆ. ಅಂಥ ದಿನ ಸೂರ್ಯೋದಯದ ಆಚೆ-ಈಚೆ ತಿಥಿ ಬಿದ್ದರೆ ಹಬ್ಬವೇ ಒಂದು ದಿನ ಜಾರುತ್ತದೆ.

ನನ್ನ ಒಲವು ದೃಕ್ ಕಡೆಗೆ, ಮುಚ್ಚಿಡೋದೇಕೆ. ಈ ಭಾಗದಲ್ಲಿ ದೃಕ್ ಗಣಿತಕ್ಕೆ ದಾರಿ ಮಾಡಿಕೊಟ್ಟವರಲ್ಲಿ ಬಾಗಲಕೋಟೆಯಲ್ಲಿ ಶಾಲಾ ಮಾಸ್ತರರಾಗಿದ್ದ ವೆಂಕಟೇಶ ಬಾಪೂಜಿ ಕೇತಕರ ದೊಡ್ಡವರು. ಅವರ ಜ್ಯೋತಿರ್ಗಣಿತ, ಗ್ರಹಗಣಿತ ಹಿಡಿದುಕೊಂಡೇ ಮರಾಠಿ ಪಂಚಾಂಗದವರು ಎಷ್ಟೋ ದಶಕ ಲೆಕ್ಕ ಹಾಕಿದರು. ಅಂದರೆ ನಿಮ್ಮ ಗೋಡೆಯ "ಮರಾಠಿ" ತಿಥಿಯ ಬೇರು ಒಂದಷ್ಟು ಬಾಗಲಕೋಟೆಯಲ್ಲಿದೆ. ಅತ್ತೆಯವರಿಗೆ ಇದನ್ನು ಹೇಳಿ ನೋಡಿ, ಕ್ಯಾಲೆಂಡರ್ ಮೇಲಿನ ಸಿಟ್ಟು ಸ್ವಲ್ಪ ಇಳಿಯಬಹುದು. ಲೋಕಮಾನ್ಯ ತಿಲಕರೂ ಪಂಚಾಂಗ ಸುಧಾರಣೆಯಲ್ಲಿ ತಲೆ ಹಾಕಿದವರು. ಅವರ ಹೆಸರಿನ ಪಂಚಾಂಗದ ಅಯನಾಂಶ, ಅಂದರೆ ರಾಶಿಚಕ್ರ ಎಲ್ಲಿಂದ ಶುರು ಅಂತ ಹಿಡಿಯೋ ಲೆಕ್ಕ, ಬೇರೆ, ಹಾಗಾಗಿ ಅಧಿಕ ಮಾಸದ ಕೆಲವು ವರ್ಷಗಳಲ್ಲಿ ಕೊಂಕಣದ ಕೆಲವು ಮನೆಗಳಲ್ಲಿ ಗಣಪತಿ ಒಂದು ತಿಂಗಳು ಮುಂಚೆಯೇ ಬಂದು ಹೋಗ್ತಾನೆ.

ಊರು ಬದಲಾದರೆ ತಿಥಿ ಬದಲಾಗುತ್ತದಾ ಅಂತಲೂ ಕೇಳಿದ್ದೀರಿ. ತಿಥಿ ಮುಗಿಯೋ ಕ್ಷಣ ಇಡೀ ದೇಶಕ್ಕೆ ಒಂದೇ. ಸೂರ್ಯೋದಯ ಮಾತ್ರ ಬೇರೆ. ಧಾರವಾಡಕ್ಕೂ ಪುಣೆಗೂ ರೇಖಾಂಶದ ಲೆಕ್ಕದಲ್ಲಿ ಐದೇ ನಿಮಿಷ, ಬೆಂಗಳೂರಿಗೂ ಮುಂಬೈಗೂ ಸುಮಾರು ಹತ್ತೊಂಬತ್ತು, ಕೋಲ್ಕತ್ತಾಗೂ ಮುಂಬೈಗೂ ಒಂದು ತಾಸು. ಧಾರವಾಡದ ಪಂಚಾಂಗವನ್ನು ಡೊಂಬಿವಲಿಯಲ್ಲಿ ಬಳಸಿದರೆ ವರ್ಷದಲ್ಲಿ ಎಲ್ಲೋ ಕೆಲವು ದಿನ ಮಾತ್ರ ಏರುಪೇರಾಗಬಹುದು. ಸಂಕಷ್ಟಿ ಚಂದ್ರೋದಯಕ್ಕೆ ಮಾತ್ರ ಮುಂಬೈ ಹೊತ್ತನ್ನೇ ನೋಡಿ, ಉಪವಾಸ ಇದ್ದವರು ಸುಮ್ನೆ ಕಾಯೋದು ಯಾಕೆ.

ಈಗ ಎರಡು ಜ್ಯೇಷ್ಠದ ವಿಷಯಕ್ಕೆ ಬರೋಣ, ನಿಮ್ಮ ನಿದ್ದೆ ಕೆಡಿಸಿದ್ದು ಇದೇ ತಾನೆ.

ಹನ್ನೆರಡು ಚಾಂದ್ರ ತಿಂಗಳಿಗೆ 354 ದಿನ. ಸೂರ್ಯನ ವರ್ಷಕ್ಕೆ 365 ಚಿಲ್ಲರೆ. ವರ್ಷಕ್ಕೆ ಹನ್ನೊಂದು ದಿನ ಬಾಕಿ. ಹೀಗೇ ಬಿಟ್ಟರೆ ಕೆಲವು ವರ್ಷದಲ್ಲಿ ದೀಪಾವಳಿ ಮಳೆಗಾಲಕ್ಕೆ ಬರುತ್ತದೆ. ಅದಕ್ಕೆ ಸುಮಾರು ಮೂವತ್ತೆರಡೂವರೆ ತಿಂಗಳಿಗೊಮ್ಮೆ ಒಂದು ತಿಂಗಳು ಸೇರಿಸ್ತಾರೆ. ಯಾರೋ ಕೂತು ಇಷ್ಟ ಬಂದಲ್ಲಿ ಸೇರಿಸೋದಲ್ಲ. ಎರಡು ಅಮಾವಾಸ್ಯೆಗಳ ನಡುವೆ ಸೂರ್ಯನ ಸಂಕ್ರಮಣ ಒಂದೂ ಬರದಿದ್ದರೆ ಅದು ಅಧಿಕ ಮಾಸ. ಈ ವರ್ಷ ವೃಷಭ ಸಂಕ್ರಮಣ ಮೇ 15ಕ್ಕೆ. ಅಮಾವಾಸ್ಯೆ ಮುಗಿಯೋದು ಮೇ 16ರ ರಾತ್ರಿ ಒಂದೂವರೆಗೆ, ಪಂಚಾಂಗದ ಭಾಷೆಯಲ್ಲಿ ಆ 25-31. ಮುಂದಿನ ಅಮಾವಾಸ್ಯೆ ಜೂನ್ 15ರ ಬೆಳಿಗ್ಗೆ 8:24ಕ್ಕೆ ಮುಗಿಯುತ್ತದೆ, ಮಿಥುನ ಸಂಕ್ರಮಣ ಆಗೋದು ಅದೇ ದಿನ ಮಧ್ಯಾಹ್ನದ ಹೊತ್ತಿಗೆ. ಕೆಲವೇ ತಾಸಿನಲ್ಲಿ ತಪ್ಪಿತು! ಆ ಸಂಕ್ರಮಣ ಬೆಳಿಗ್ಗೆ ಏಳಕ್ಕೆ ಆಗಿಬಿಟ್ಟಿದ್ದರೆ ಈ ತಿಂಗಳು ಅಧಿಕ ಆಗುತ್ತಿರಲಿಲ್ಲ. ಮೇ 17ರಿಂದ ಜೂನ್ 15, ಇದು ಅಧಿಕ ಜ್ಯೇಷ್ಠ. ಹಳೇ ಕ್ಯಾಲೆಂಡರ್ ಎತ್ತಿಟ್ಟಿದ್ದರೆ 2007ರದ್ದು ತೆಗೆದು ನೋಡಿ, ಅಲ್ಲೂ ಮೇ 17ರಿಂದ ಜೂನ್ 15 ಅಧಿಕ ಜ್ಯೇಷ್ಠವೇ. ಹತ್ತೊಂಬತ್ತು ವರ್ಷಕ್ಕೊಮ್ಮೆ ಚಂದ್ರ-ಸೂರ್ಯರ ಲೆಕ್ಕ ಮತ್ತೆ ಹೆಚ್ಚುಕಡಿಮೆ ಮೊದಲಿನ ಜಾಗಕ್ಕೇ ಬರುತ್ತದೆ.

ಅಧಿಕ ಮಾಸ ಅಂದರೆ ಅಶುಭ ಅನ್ನೋದು ಅರ್ಧ ಕೇಳಿ ಹೇಳಿದ ಮಾತು. ಮದುವೆ, ಮುಂಜಿ, ಗೃಹಪ್ರವೇಶದಂಥ ಹೊಸ ಮಂಗಳ ಕಾರ್ಯ ಬೇಡ ಅಂತಾರೆ, ಅದು ನಿಜ. ಅದೇ ತಿಂಗಳಿಗೆ ಪುರುಷೋತ್ತಮ ಮಾಸ ಅಂತಲೂ ಹೆಸರು, ದಾನ-ಜಪಕ್ಕೆ ಒಳ್ಳೇದು. ಇಲ್ಲಿನ ಮರಾಠಿ ಮನೆಗಳಲ್ಲಿ ಧೋಂಡ್ಯಾಚಾ ಮಹಿನಾ ಅಂತ ಅಳಿಯನನ್ನು ಕರೆದು 33 ಅನಾರಸ, ಅಂದರೆ ಕಜ್ಜಾಯದಂಥ ಸಿಹಿ, ಕೊಡ್ತಾರೆ, ನಮ್ಮ ಕಡೆ ಅಪೂಪ (ಕಜ್ಜಾಯ) ದಾನ. ಅಶುಭ ತಿಂಗಳಲ್ಲಿ ಯಾರಾದರೂ ಅಳಿಯನನ್ನು ಊಟಕ್ಕೆ ಕರೆಯುತ್ತಾರಾ?

ಮಾವನವರ ತಿಥಿ ಸುಲಭ. ಅವರು ತೀರಿಕೊಂಡ 2019ರಲ್ಲಿ ಜ್ಯೇಷ್ಠ ಒಂದೇ ಇತ್ತು. ಅಂಥವರ ವಾರ್ಷಿಕ ಶ್ರಾದ್ಧ ಅಧಿಕದ ಆಮೇಲೆ ಬರುವ ನಿಜ ಜ್ಯೇಷ್ಠದಲ್ಲಿ, ಅಂದರೆ ಜೂನ್ ಮೊದಲ ವಾರದ ಪಂಚಮಿಯಲ್ಲಿ ಅಲ್ಲ, ಜುಲೈ ಮೊದಲ ವಾರದ ಬಹುಳ ಪಂಚಮಿಯಲ್ಲಿ. ಶ್ರಾದ್ಧಕ್ಕೆ ಅಪರಾಹ್ಣ ಮುಖ್ಯ. ಆ ದಿನಗಳಲ್ಲಿ ಮುಂಬೈಯಲ್ಲಿ ಅದು ಸುಮಾರು ಎರಡರಿಂದ ನಾಲ್ಕೂವರೆ. ಆ ಹೊತ್ತಿಗೆ ಪಂಚಮಿ ಯಾವ ದಿನ ಇದೆ ಅಂತ ಅತ್ತೆಯವರ ಪಂಚಾಂಗದಲ್ಲೇ ನೋಡಿ, ಘಟಿಯನ್ನು ತಾಸಿಗೆ ತಿರುಗಿಸೋದು ಮರೆಯಬೇಡಿ. ಕೆಲವು ಮನೆಗಳಲ್ಲಿ ಅಧಿಕದಲ್ಲೂ ಅಕ್ಕಿ-ಬೇಳೆ, ದಕ್ಷಿಣೆ ಕೊಟ್ಟು ನೆನೆಯುತ್ತಾರೆ. ಅತ್ತೆಯವರಿಗೆ ಸಮಾಧಾನ ಆಗೋದಾದರೆ ಅದನ್ನೂ ಮಾಡಿ, ಖರ್ಚೇನೂ ಇಲ್ಲ. ತೀರಿಕೊಂಡ ಮೊದಲ ವರ್ಷವೇ ಅಧಿಕ ಬಂದರೆ, ಇಲ್ಲಾ ಅಧಿಕ ಮಾಸದಲ್ಲೇ ತೀರಿಕೊಂಡಿದ್ದರೆ ನಿಯಮ ಬೇರೆ, ಅದು ಮನೆ ಪುರೋಹಿತರನ್ನು ಕೇಳಿ ಮಾಡುವಂಥದ್ದು. ನಿಮಗೆ ಅದು ಬೇಕಿಲ್ಲ.

ಫ್ಲ್ಯಾಟ್ ವಿಷಯ ಇಷ್ಟು ಸುಲಭ ಅಲ್ಲ. ಯಾಕಂದರೆ ಅಲ್ಲಿ ಪಂಚಾಂಗದ ಜೊತೆ ಬಾಡಿಗೆ, ಬಿಲ್ಡರ್, ಮಳೆ ಎಲ್ಲ ಸೇರಿಕೊಂಡಿವೆ.

ಅಧಿಕ ಮುಗಿದ ಮೇಲೆ ನಿಜ ಜ್ಯೇಷ್ಠ ಜೂನ್ 16ರಿಂದ ಜುಲೈ 14. ಮರುದಿನ ಆಷಾಢ ಶುರು, ಆಷಾಢದಲ್ಲಿ ನಮ್ಮವರು ಗೃಹಪ್ರವೇಶ ಮಾಡೋದಿಲ್ಲ. ಅಂದರೆ ನಿಮ್ಮ ಕೈಯಲ್ಲಿರೋದು ನಾಲ್ಕೇ ವಾರ. ಅದರಲ್ಲಿ ಒಳ್ಳೇ ಮುಹೂರ್ತ ಮೂರೋ ನಾಲ್ಕೋ ಸಿಗಬಹುದು, ಪುರೋಹಿತರಿಗೂ ಅದೇ ದಿನಗಳಲ್ಲಿ ಹತ್ತು ಮನೆ ಇರುತ್ತದೆ. ಈಗಲೇ ಫೋನ್ ಮಾಡಿ ಹಿಡಿದುಬಿಡಿ.

ಬಾಡಿಗೆ ಮನೆಯನ್ನು ಇನ್ನೊಂದು ತಿಂಗಳು ಮುಂದುವರಿಸಿ, ಗೃಹಪ್ರವೇಶ ಆದ ಮೇಲೇ ಸಾಮಾನು ಸಾಗಿಸೋದು ಒಂದು ದಾರಿ. ಅತ್ತೆಯವರಿಗೆ ಇದೇ ಇಷ್ಟ ಅಂತ ಕಾಣುತ್ತದೆ. ಒಂದು ತಿಂಗಳ ಬಾಡಿಗೆ ಜೊತೆಗೆ ಹೊಸ ಮನೆಯ ಇಎಂಐ, ಎರಡೂ ಕೈಯಿಂದ ಹೋಗುತ್ತವೆ. ಮಾಲೀಕರು ಲೀವ್ ಅಂಡ್ ಲೈಸೆನ್ಸ್ (ಬಾಡಿಗೆ ಕರಾರು) ಮತ್ತೆ ಹನ್ನೊಂದು ತಿಂಗಳಿಗೆ ಮಾಡಿ ಅನ್ನಬಹುದು, ಅದನ್ನು ಮೊದಲೇ ಬಾಯಿಬಿಟ್ಟು ಕೇಳಿ, ಒಂದು ತಿಂಗಳಿನ ಮಾತನ್ನು ಬರೆಸಿಕೊಳ್ಳಿ. ಇನ್ನೊಂದು, ಜೂನ್ ಎರಡನೇ ವಾರದ ಮೇಲೆ ಡೊಂಬಿವಲಿಯಲ್ಲಿ ಮಂಚ-ಬೀರು ಟೆಂಪೋದಲ್ಲಿ ಹಾಕಿಕೊಂಡು ಹೋಗೋದು ಅಂದರೆ ಏನು ಅಂತ ನಿಮಗೇ ಗೊತ್ತು. ನನ್ನ ತಮ್ಮ ಹೀಗೇ ಮುಹೂರ್ತ ಕಾದು ಜುಲೈನಲ್ಲಿ ಸಾಗಿಸಿದ, ಹಾಸಿಗೆ ಎರಡೂ ನೆನೆದು ಬಿಸಾಡಬೇಕಾಯಿತು.

ಮೇ ಕೊನೆಗೇ ಸಾಮಾನು ಸಾಗಿಸಿಬಿಡೋದು ಇನ್ನೊಂದು ದಾರಿ. ದೇವರ ಮುಂದೆ ದೀಪ ಹಚ್ಚಿ, ಹೊಸ ಒಲೆ ಮೇಲೆ ಹಾಲುಕ್ಕಿಸಿ ಇರಲು ಶುರು ಮಾಡಿ. ಹೋಮ, ವಾಸ್ತು ಶಾಂತಿ, ಊಟ ಎಲ್ಲ ನಿಜ ಜ್ಯೇಷ್ಠದಲ್ಲಿ. ಇಲ್ಲಿ ಮರಾಠಿಯವರು ಮೊದಲು ಇದ್ದು ಆಮೇಲೆ ವಾಸ್ತು ಶಾಂತಿ ಮಾಡೋದು ಮಾಮೂಲು. ದುಡ್ಡು ಉಳಿಯುತ್ತದೆ, ಮಳೆಯೂ ತಪ್ಪುತ್ತದೆ. ಆದರೆ ಒಂದು ಸಲ ಇದ್ದ ಮೇಲೆ ಅದು ಗೃಹಪ್ರವೇಶ ಹೇಗಾಗುತ್ತದೆ ಅಂತ ಹಿರಿಯರು ಕೇಳ್ತಾರೆ. ಮುಂದೆ ಮನೆಯಲ್ಲಿ ಯಾರಿಗೋ ಜ್ವರ ಬಂದರೂ ಆವತ್ತು ನಾನು ಹೇಳಿದ್ದೆ ಅನ್ನೋ ಮಾತು ಬರುತ್ತದೆ. ಅದಕ್ಕೆ ಪಂಚಾಂಗದಲ್ಲಿ ಪರಿಹಾರ ಇಲ್ಲ.

ನಾನಾದರೆ ನಡುವಿನದ್ದು ಮಾಡ್ತೇನೆ. ಮೇ 20ಕ್ಕೆ ಕೀ ಇಸಕೊಳ್ಳಿ, ಕೀ ತೆಗೆದುಕೊಳ್ಳೋಕೆ ಯಾವ ದೋಷವೂ ಇಲ್ಲ. ಓಸಿ (ವಾಸಕ್ಕೆ ಯೋಗ್ಯ ಅಂತ ಕೊಡುವ ಆಕ್ಯುಪೆನ್ಸಿ ಸರ್ಟಿಫಿಕೇಟ್) ಬಂದಿದೆಯಾ ಅಂತ ಕಾಗದ ಕಣ್ಣಾರೆ ನೋಡಿ, ಮುಹೂರ್ತಕ್ಕಿಂತ ಅದು ಮುಖ್ಯ. ಮೇ ಕೊನೆಯ ವಾರ ಒಣ ಹವೆಯಲ್ಲೇ ದೊಡ್ಡ ಸಾಮಾನು ಸಾಗಿಸಿ ಒಂದು ಕೋಣೆಯಲ್ಲಿ ಇಟ್ಟು ಬೀಗ ಹಾಕಿ. ಫ್ಯಾನ್, ಗ್ರಿಲ್, ಅಡುಗೆಮನೆ ಟ್ರಾಲಿ ಕೆಲಸ ಅಧಿಕ ಮಾಸದಲ್ಲೇ ಮುಗಿಸಿಕೊಳ್ಳಿ. ಒಲೆ ಹಚ್ಚಬೇಡಿ, ಅಲ್ಲಿ ಮಲಗಬೇಡಿ. ಮಾಲೀಕರಿಂದ ಇಪ್ಪತ್ತು ದಿನ ಕೇಳಿ, ಜೂನ್ 16ರ ಆಮೇಲೆ ಸಿಗುವ ಮೊದಲ ಮುಹೂರ್ತಕ್ಕೆ ಗೃಹಪ್ರವೇಶ ಮಾಡಿ ಆವತ್ತೇ ಅಲ್ಲಿ ಮಲಗಿ. ಹಾಗಾದರೆ ಜುಲೈನ ಶ್ರಾದ್ಧವೂ ಹೊಸ ಮನೆಯಲ್ಲೇ ಆಗುತ್ತದೆ. ಬಿಲ್ಡರ್ ಕೀ ಕೊಡೋದು ತಡ ಮಾಡಿದರೆ ಮಾತ್ರ ಈ ಲೆಕ್ಕ ಕೈಕೊಡುತ್ತದೆ. ಆಗ ಪೂರ್ತಿ ತಿಂಗಳ ಬಾಡಿಗೆ ಕಟ್ಟಲೇಬೇಕು.

ಇನ್ನು ಮನೆಯಲ್ಲಿ ಯಾರ ಪಂಚಾಂಗ ಅನ್ನೋದು. ಶ್ರಾದ್ಧ, ಏಕಾದಶಿ, ಗೃಹಪ್ರವೇಶಕ್ಕೆ ಅತ್ತೆಯವರದ್ದು. ಗಣಪತಿ, ದೀಪಾವಳಿ, ಸಂಕಷ್ಟಿಗೆ ಗೋಡೆಯದ್ದು, ಇಲ್ಲದಿದ್ದರೆ ಹೂವು-ರಜೆ-ಪುರೋಹಿತರು ಒಂದೂ ಸಿಗೋದಿಲ್ಲ. ಕೃಷ್ಣಾಷ್ಟಮಿಗೆ ಮತ್ತು ಬಿಸುವಿಗೆ ನಿಮ್ಮ ಅಮ್ಮನದ್ದು. ಮೂರೂ ಪಂಚಾಂಗಗಳನ್ನು ಯುಗಾದಿ ದಿನವೇ ಒಟ್ಟಿಗೆ ಕೂತು ತೆರೆದು, ವರ್ಷದ ದಿನಗಳನ್ನು ಗೋಡೆಯ ಕ್ಯಾಲೆಂಡರ್ ಮೇಲೆ ಪೆನ್ಸಿಲ್‌ನಲ್ಲಿ ಗುರುತು ಹಾಕಿಬಿಡಿ. ಈ ವರ್ಷದ ಯುಗಾದಿ ಕಳೆಯಿತು, ಪರವಾಗಿಲ್ಲ, ಈ ಭಾನುವಾರ ಹಾಕಿ. ಗುರುತು ಹಾಕೋ ಕೆಲಸ ಅತ್ತೆಯವರ ಕೈಗೇ ಕೊಡಿ. ಘಟಿ ಲೆಕ್ಕ ಮಾಡೋಕೆ ಮಗಳನ್ನು ಪಕ್ಕದಲ್ಲಿ ಕೂರಿಸಿ, ಇಪ್ಪತ್ನಾಲ್ಕರ ಮಗ್ಗಿ ಬರುತ್ತದೆ ತಾನೆ ಅವಳಿಗೆ?